ಸೈನ್ಯದ ಹಿಂದಿನ ಸೈನ್ಯ



ನಮ್ಮ ಚಿಕ್ಕಪಡಸಲಗಿಯಲ್ಲಿ ನನ್ನ ಕಾಕಾ ಸೈನ್ಯದಿಂದ ನಿವೃತ್ತರಾಗಿ ಬಂದಾಗ ನಾನು ಕೇಳಿದ ಮೊದಲ ಪ್ರಶ್ನೆ, "ಎಷ್ಟು ಮಂದಿ ವೈರಿಗಳನ್ನ ಹೊಡದ್ರಿ?" ಎಂಬುದು. "ನಾ ಲಾರಿ ನಡಸಾಂವ. ಅಕ್ಕಿ, ಹಿಟ್ಟು, ಡೀಸೆಲ್ ಮುಟ್ಟಸ್ತಿದ್ದೆ" ಎಂದರು. ನಾನು ನಕ್ಕುಬಿಟ್ಟೆ. ಆ ನಗು ತಪ್ಪೆಂದು ತಿಳಿದದ್ದು ಶೈಕ್ಷಣಿಕ ಪ್ರವಾಸದಲ್ಲಿ ಶ್ರೀರಂಗಪಟ್ಟಣಕ್ಕೆ ಹೋದಾಗ.

ಅಲ್ಲಿಯ ದರಿಯಾ ದೌಲತ್ ಅರಮನೆಯನ್ನು ಟಿಪ್ಪು ಸುಲ್ತಾನ್ 1784ರಲ್ಲಿ ಕಟ್ಟಿಸಿದರು. ಈಗ ಅದು ವಸ್ತುಸಂಗ್ರಹಾಲಯ. ಪಶ್ಚಿಮದ ಗೋಡೆಯ ಮೇಲೆ 1780ರ ಪೊಲ್ಲಿಲೂರು ಯುದ್ಧದ ದೊಡ್ಡ ಚಿತ್ರವಿದೆ. ನಾವೆಲ್ಲ ಆನೆ, ಕುದುರೆ ನೋಡುತ್ತಿದ್ದೆವು. ನಮ್ಮ ಇತಿಹಾಸ ಉಪನ್ಯಾಸಕರು, "ನಡುವೆ ನೋಡಿ" ಎಂದರು. ಬ್ರಿಟಿಷ್ ಪಡೆಯ ಮಧ್ಯದಲ್ಲಿ ಮದ್ದುಗುಂಡಿನ ಬಂಡಿ ಸಿಡಿಯುತ್ತಿತ್ತು! ಬಂಡಿಗಳು ಸಿಡಿದ ಮೇಲೆ ಕರ್ನಲ್ ಬೇಲಿಯ ಪಡೆ ನಿಲ್ಲಲಾಗಲಿಲ್ಲ. ಸಾಮಗ್ರಿ ಹೋದರೆ ಸೈನ್ಯವೂ ಹೋಯಿತು.

ಇದಕ್ಕಿಂತ ದೊಡ್ಡ ಪಾಠ ಮೂರನೆಯ ಮೈಸೂರು ಯುದ್ಧದಲ್ಲಿದೆ. 1791ರ ಮೇ ತಿಂಗಳಲ್ಲಿ ಕಾರ್ನ್‌ವಾಲಿಸ್ ಅರಕೆರೆಯ ಬಳಿ ಗೆದ್ದು ಶ್ರೀರಂಗಪಟ್ಟಣದ ಹತ್ತಿರವೇ ಬಂದಿದ್ದ. ಆದರೆ ಮೈಸೂರಿನವರು ದಾರಿಯ ಮೇವು, ಕಾಳು ಸಿಗದಂತೆ ಮಾಡಿದ್ದರು. ಎತ್ತುಗಳು ಸಾವಿರಗಟ್ಟಲೆ ಸತ್ತವು. ಫಿರಂಗಿ ಎಳೆಯುವವರಿಲ್ಲದೆ, ಕೋಟೆ ಒಡೆಯಲು ತಂದಿದ್ದ ದೊಡ್ಡ ಫಿರಂಗಿಗಳನ್ನು ತಾನೇ ನಾಶಪಡಿಸಿ ಹಿಂದಿರುಗಿದ. ದಾರಿಯಲ್ಲಿ ಹರಿಪಂತ ಫಡಕೆ ಮತ್ತು ಪರಶುರಾಮ ಭಾವು ಅವರ ಮರಾಠಾ ಸೈನ್ಯ ಎದುರಾಯಿತು. ಅವರ ಬೀಡಿನ ಬಜಾರಿನಲ್ಲಿ ಕಾಳು ಸಿಕ್ಕಿತು, ಬ್ರಿಟಿಷರು ಬದುಕಿದರು. ಈ ಪರಶುರಾಮ ಭಾವು, ಮುಂದೆ ನಮ್ಮ ಜಮಖಂಡಿಯನ್ನು ಆಳಿದ ಪಟವರ್ಧನ ಮನೆತನದವರು.

1792ರ ಫೆಬ್ರವರಿಯಲ್ಲಿ ಕಾರ್ನ್‌ವಾಲಿಸ್ ಮತ್ತೆ ಬಂದ. ಈ ಸಲ ಬಂಜಾರರು ಎತ್ತುಗಳ ಮೇಲೆ ಧಾನ್ಯ ಹೇರಿಕೊಂಡು ಅವನ ಪಡೆಗೆ ಒದಗಿಸುತ್ತಿದ್ದರು. ಮಾರ್ಚ್‌ನಲ್ಲಿ ಟಿಪ್ಪು ಅರ್ಧ ರಾಜ್ಯವನ್ನೂ 3 ಕೋಟಿ 30 ಲಕ್ಷ ರೂಪಾಯಿಯನ್ನೂ ಕೊಡಲು ಒಪ್ಪಬೇಕಾಯಿತು. ಪುಸ್ತಕದಲ್ಲಿ ಸೇನಾಪತಿಗಳ ಹೆಸರಿದೆ. ಧಾನ್ಯ ತಂದ ಬಂಜಾರರ ಹೆಸರಿಲ್ಲ.

ಸಾಗಾಟದ ಬೆಲೆ ಮೈಸೂರಿಗೂ ಗೊತ್ತಿತ್ತು. ಚಿಕ್ಕದೇವರಾಜ ಒಡೆಯರ ಕಾಲದ 'ಬೆಣ್ಣೆ ಚಾವಡಿ'ಗೆ ಟಿಪ್ಪು 'ಅಮೃತ್ ಮಹಲ್' ಎಂದು ಹೆಸರಿಟ್ಟು ಬೆಳೆಸಿದರು. ಅಲ್ಲಿಯ ಎತ್ತುಗಳು ವೇಗಕ್ಕೆ ಹೆಸರಾಗಿದ್ದವು. 1799ರ ನಂತರ ಬ್ರಿಟಿಷರೂ ಆ ತಳಿಯನ್ನು ತಮ್ಮ ಸೈನ್ಯಕ್ಕೆ ಬಳಸಿಕೊಂಡರು.

ಎತ್ತಿನ ನಂತರ ಹೇಸರಗತ್ತೆ, ಆಮೇಲೆ ಲಾರಿ. 1939ರ ಡಿಸೆಂಬರ್‌ನಲ್ಲಿ ಭಾರತೀಯ ಸೇನಾ ಸೇವಾ ದಳದ ಹೇಸರಗತ್ತೆ ಕಂಪನಿಗಳು ಫ್ರಾನ್ಸ್‌ಗೆ ಹೋದವು. ಅವರಲ್ಲಿ ಹೆಚ್ಚಿನವರು ಪಂಜಾಬಿನ ಮುಸ್ಲಿಮರು. 1940ರಲ್ಲಿ ಡಂಕರ್ಕ್ ತೀರದಿಂದ ಪಾರಾದವರಲ್ಲಿ ಇವರೂ ಇದ್ದರು. ಒಂದು ಕಂಪನಿ ಜರ್ಮನರ ಸೆರೆಯಾಯಿತು. ಡಂಕರ್ಕ್ ಕಥೆ ಹೇಳುವಾಗ ಇವರನ್ನು ನೆನೆಯುವವರು ಕಡಿಮೆ.

ಅದೇ ದಳ ಇಂದು 'ಆರ್ಮಿ ಸರ್ವಿಸ್ ಕೋರ್'. ಅದರ ತರಬೇತಿ ಕೇಂದ್ರ ನಮ್ಮ ಬೆಂಗಳೂರಿನಲ್ಲೇ ಇದೆ. ಡಿಸೆಂಬರ್ 8 ಅವರ ದಳದ ದಿನ. ಸೇವೆಯೇ ನಮ್ಮ ಧರ್ಮ ಎಂಬ ಅರ್ಥದ ಸಂಸ್ಕೃತ ವಾಕ್ಯ ಅವರ ಧ್ಯೇಯ. ಆಹಾರ, ಇಂಧನ, ವಾಹನ, ಹೇಸರಗತ್ತೆ ಎಲ್ಲವೂ ಅವರ ಹೊಣೆ.

ವಿದ್ಯಾರ್ಥಿ ಮಿತ್ರರೇ, ಮುಂದೆ ಯುದ್ಧದ ಪಾಠ ಓದುವಾಗ "ಯಾರು ಗೆದ್ದರು?" ಎಂಬುದರ ಜೊತೆಗೆ "ಅವರಿಗೆ ಊಟ ತಂದವರು ಯಾರು?" ಎಂದೂ ಕೇಳಿ. ಎಷ್ಟೋ ಸೋಲುಗಳ ಕಾರಣ ಅಲ್ಲಿ ಸಿಗುತ್ತದೆ.

ಪ್ರವಾಸದಿಂದ ಬಂದ ದಿನ ಕಾಕಾರ ಹತ್ತಿರ ಕುಳಿತು, "ಯಾವ ಯಾವ ದಾರಿಯೊಳಗ ಲಾರಿ ನಡಸೀರಿ?" ಎಂದು ಕೇಳಿದೆ. ಸ್ವಲ್ಪ ಹೊತ್ತು ನನ್ನನ್ನೇ ನೋಡಿದರು. ಆಮೇಲೆ ಮಾತು ಶುರುಮಾಡಿದರು. ಅವ್ವ ಊಟಕ್ಕೆ ಮೂರು ಸಲ ಕರೆದರೂ ನಾವು ಏಳಲಿಲ್ಲ.

— ದ್ವಿತೀಯ ಪಿಯುಸಿ, ಕಲಾ ವಿಭಾಗ