ಸ್ವತಂತ್ರ ನಾಟಕದ ಹೊಂದಿಕೆ

ವಿದ್ಯಾರ್ಥಿಗಳಿಂದ ಸ್ವತಂತ್ರ ನಾಟಕವನ್ನು ಬರೆಯಿಸಲೆಳಸುವ ಅಧ್ಯಾಪಕರು ಸಾಮಾನ್ಯವಾಗಿ ಮೊದಲು ನೀತಿಯನ್ನು ನಿಶ್ಚಯಿಸಿಕೊಂಡು, ಅನಂತರ ಅದನ್ನು ಆಡುವ ಬಾಯಿಗಳನ್ನು ಹುಡುಕುತ್ತಾರೆ. ಇದು ವಿಪರೀತಕ್ರಮವೆಂದು ನನ್ನ ಮತ. ಸನ್ನಿವೇಶವು ಮೊದಲು ಸಿದ್ಧವಾಗಬೇಕು.

ಟಿ. ಪಿ. ಕೈಲಾಸಂ (1884–1946) ಅವರ ‘ಟೊಳ್ಳುಗಟ್ಟಿ’ಯನ್ನೇ ನೋಡಬಹುದು. ಅಲ್ಲಿರುವುದು ಒಂದು ಮಧ್ಯಮವರ್ಗದ ಮನೆ. ಪರೀಕ್ಷೆಗಳಲ್ಲಿ ಗೆಲ್ಲುವ ಪುಟ್ಟು, ಸೋಲುವ ಮಾಧು, ಗೆದ್ದವನನ್ನೇ ಮೆಚ್ಚುವ ತಂದೆ. ವಿದ್ಯೆಯು ಹೃದಯಕ್ಕಿಳಿಯದಿದ್ದರೆ ಟೊಳ್ಳೆಂಬುದನ್ನು ಯಾರೂ ಉಪದೇಶಿಸಬೇಕಾಗಿಲ್ಲ. ಮನೆಗೆ ಬೆಂಕಿ ಬಿದ್ದಾಗ ಒಳನುಗ್ಗುವವನು ಮಾಧು.

ರೂಪಕಭೇದಗಳಿಗೆ ವಸ್ತು, ನೇತೃ, ರಸಗಳೇ ಕಾರಣವೆಂದು ‘ದಶರೂಪಕ’ದಲ್ಲಿ ಧನಂಜಯನು ಹೇಳಿದ್ದಾನೆ. ಪ್ರಸ್ತುತ ಕೃತಿಯು ಪ್ರಹಸನದಂತೆ ನಗಿಸುತ್ತ ನಗಿಸುತ್ತಲೇ ಕರುಣಕ್ಕೆ ಹೊರಳುತ್ತದೆ. ಮೊದಲಿನ ಆ ನಗೆಯಿಲ್ಲದಿದ್ದರೆ ಬೆಂಕಿಯ ಪ್ರಸಂಗವು ಬರಿಯ ಗದ್ದಲವಾಗುತ್ತಿತ್ತು. ಆದುದರಿಂದ ಪ್ರಕಾರವನ್ನು ಗೊತ್ತುಮಾಡುವಾಗಲೇ ಕಡೆಯ ರಸವನ್ನು ಎಣಿಸಿರಬೇಕು.

ಇಂಗ್ಲಿಷ್ ಬೆರೆತ ಆ ಮಾತು ನನ್ನಂಥ ಪಂಡಿತರ ಕಿವಿಗೆ ಒರಟೇ ಸರಿ. ಆದರೆ ಆ ಮನೆಯವರಿಂದ ಗ್ರಾಂಥಿಕ ಕನ್ನಡವನ್ನಾಡಿಸಿದರೆ ಮನೆಯೇ ಸುಳ್ಳಾದೀತು.

ಇದನ್ನು ಶಾಲೆಯಲ್ಲಿ ಆಡಿಸುವಾಗ ನನ್ನನ್ನು ಒಂದು ಸಂಕೋಚ ಬಾಧಿಸುತ್ತದೆ: ಅದೇ ಸಂಜೆ, ಅದೇ ವೇದಿಕೆಯ ಮೇಲೆ, ನಾವು ಬಹುಮಾನ ಕೊಡುವುದು ಪುಟ್ಟುವಿಗೇ.