ಆಣೆಗೆ ಕಟ್ಟುಬಿದ್ದು ಓಟು ಹಾಕಬೇಡ

ತಾಯಿ, ವಿಧಾನಸಭೆ ಚುನಾವಣೆಯಲ್ಲಿ ಮೊದಲ ಸಲ ಓಟು ಹಾಕುತ್ತೇನೆ, ಯಾರಿಗೆ ಹಾಕಲಿ ಹೇಳು ತಾತ ಎಂದು ಕೇಳಿದ್ದೀಯ. ಯಾರಿಗೆ ಅಂತ ನಾನು ಹೇಳುವುದಿಲ್ಲ. ಹೇಗೆ ತೀರ್ಮಾನ ಮಾಡಬೇಕು ಅನ್ನುವುದರ ಬಗ್ಗೆ ನಾಲ್ಕು ಮಾತು ಹೇಳುತ್ತೇನೆ. ಹೋದ ಸಲ ಓಟು ನಡೆದದ್ದು 2023ರ ಮೇ 10ಕ್ಕೆ. ಐದು ವರ್ಷದ ಅವಧಿ ಪೂರ್ತಿ ನಡೆದರೆ 2028ರ ಬೇಸಿಗೆಯಲ್ಲಿ ನಿನ್ನ ಸರದಿ. ಇಷ್ಟು ಮುಂಚೆ ಯಾಕೆ ಈ ಮಾತು ಅನ್ನಬೇಡ. ಓಟಿನ ಹಿಂದಿನ ದಿನ ನಿನ್ನಂತೆ ಬೆಂಗಳೂರಿನಿಂದ ಬಂದು ಇಳಿದವರಿಗೆ ಊರಲ್ಲಿ ಯೋಚನೆ ಮಾಡುವುದಕ್ಕೆ ಪುರಸೊತ್ತು ಕೊಡುವವರು ಯಾರೂ ಇರುವುದಿಲ್ಲ.

ಮೊದಲು ನಿನ್ನ ಓಟು ಎಲ್ಲಿಗೆ ಹೋಗುತ್ತದೆ ಅನ್ನುವುದು ಗೊತ್ತಿರಲಿ. ನಮ್ಮದು ನಾಯಕನಹಟ್ಟಿ ಹೋಬಳಿ. ತಾಲ್ಲೂಕು ಚಳ್ಳಕೆರೆ, ಪಹಣಿಗೂ ಜಾತಿ ಸರ್ಟಿಫಿಕೇಟಿಗೂ ಓಡಾಡುವ ತಹಶೀಲ್ದಾರರ ಕಚೇರಿ ಚಳ್ಳಕೆರೆಯಲ್ಲಿ. ಓಟು ಮಾತ್ರ ಮೊಳಕಾಲ್ಮುರು ಕ್ಷೇತ್ರಕ್ಕೆ. ಹೀಗಾಗಿ ನಮ್ಮ ಕಡೆಯ ಎಷ್ಟೋ ಹುಡುಗರಿಗೆ ತಮ್ಮ ಶಾಸಕರು ಯಾರು ಅನ್ನುವುದೇ ಗೊಂದಲ. ಚಳ್ಳಕೆರೆಯ ಗೋಡೆ ಮೇಲಿನ ಪೋಸ್ಟರ್ ನೋಡಿ ಅವರೇ ನಮ್ಮವರು ಅಂದುಕೊಂಡಿರುತ್ತಾರೆ. ಕೇಳಬೇಕಾದ ಪ್ರಶ್ನೆಯನ್ನು ಯಾರಿಗೆ ಕೇಳಬೇಕು ಅಂತ ತಿಳಿಯದವರ ಓಟು ಕೇಳುವವರಿಗೆ ಬಹಳ ಸಲೀಸು.

ಈಗ ನನಗೆ ಬಹಳ ದಿನದಿಂದ ಮನಸ್ಸಿನಲ್ಲಿರುವ ಮಾತು. ನಮ್ಮ ಸೀಮೆಯಲ್ಲಿ ಕೊಟ್ಟ ಮಾತಿಗೆ ಬೆಲೆ ಇದೆ. ಮೇವಿಲ್ಲದ ಬರಗಾಲದಲ್ಲೂ ದೇವರೆತ್ತುಗಳನ್ನು ಬಿಟ್ಟುಕೊಡದೆ ಸಾಕಿಕೊಂಡು ಬಂದ ಹಟ್ಟಿಗಳು ನಮ್ಮವು. ಗೌರಸಮುದ್ರದ ಮಾರಮ್ಮನ ಹೆಸರು ಹೇಳಿ ಆಡಿದ ಮಾತನ್ನು ಇಲ್ಲಿ ಯಾರೂ ಮುರಿಯುವುದಿಲ್ಲ. ಚುನಾವಣೆ ಬಂದಾಗ ಈ ನಂಬಿಕೆಯನ್ನೇ ಹಿಡಿದು ಜಗ್ಗುವವರು ಇದ್ದಾರೆ. ಕತ್ತಲಾದ ಮೇಲೆ ನಾಲ್ಕು ಜನ ಮನೆಗೆ ಬರುತ್ತಾರೆ. ಮನೆದೇವರ ಫೋಟೋದ ಮುಂದೆ ತೆಂಗಿನಕಾಯಿ ಇಡುತ್ತಾರೆ, ಮುಟ್ಟಿ ಹೇಳಿ ಅನ್ನುತ್ತಾರೆ, ಕವರು ಕೈಗಿಡುತ್ತಾರೆ. ಗಂಡಸರು ಹೊರಗೆ ಹೋದಾಗ ಬಂದು ಹೆಂಗಸರಿಂದ ಆಣೆ ಮಾಡಿಸಿಕೊಂಡು ಹೋಗುವುದೂ ಉಂಟು, ಯಾಕೆಂದರೆ ಆಣೆಗೆ ಹೆಚ್ಚು ಅಂಜುವವರು ಅವರೇ. ಆ ಮೇಲೆ ಮನಸ್ಸು ಬೇರೆ ಹೇಳಿದರೂ ಕೈ ಬೇರೆ ಗುಂಡಿ ಒತ್ತಲು ನಡುಗುತ್ತದೆ. ಮಕ್ಕಳಿಗೆ ಏನಾದರೂ ಆದೀತು, ಬೋರು ಬತ್ತೀತು ಎಂದು ಹೆದರಿ ಓಟು ಹಾಕಿದವರನ್ನು ನಾನು ಬಲ್ಲೆ.

ಇದು ತಪ್ಪು ಅಂತ ನಾನೊಬ್ಬನೇ ಹೇಳುತ್ತಿಲ್ಲ. 1951ರ ಪ್ರಜಾಪ್ರಾತಿನಿಧ್ಯ ಕಾಯ್ದೆಯ 123ನೇ ಕಲಂ ತೆಗೆದು ನೋಡು. ದೇವರ ಕೋಪಕ್ಕೆ ಗುರಿಯಾಗುತ್ತೀಯ ಎಂದು ಮತದಾರರನ್ನು ನಂಬಿಸುವುದು, ಜಾತಿಯಿಂದ ಹೊರಗೆ ಹಾಕುತ್ತೇವೆ ಎಂದು ಬೆದರಿಸುವುದು, ಎರಡನ್ನೂ ಅದು ಹೆಸರಿಟ್ಟು ಹೇಳುತ್ತದೆ. ಅಭ್ಯರ್ಥಿಯೋ ಅವನ ಏಜೆಂಟೋ ಮಾಡಿದ್ದು ಕೋರ್ಟಿನಲ್ಲಿ ಸಾಬೀತಾದರೆ ಗೆದ್ದ ಚುನಾವಣೆಯೇ ರದ್ದಾಗಬಹುದು. ಎಪ್ಪತ್ತು ವರ್ಷದ ಹಿಂದೆ ಈ ಕಾನೂನು ಬರೆದವರಿಗೆ ನಮ್ಮಂಥ ಹಟ್ಟಿಗಳ ಸಂಗತಿ ಚೆನ್ನಾಗಿ ಗೊತ್ತಿತ್ತು ಅನ್ನಿಸುತ್ತದೆ. ಕಾನೂನು ಒಂದು ಕಡೆ ಇರಲಿ, ತಾಯಿ. ನಿನ್ನ ಕೈಯಲ್ಲಿ ಬಲವಂತವಾಗಿ ಕಾಯಿ ಮುಟ್ಟಿಸಿದವರ ಜೊತೆ ಮಾರಮ್ಮ ನಿಲ್ಲುತ್ತಾಳೆ ಅಂತ ನಾನು ನಂಬುವುದಿಲ್ಲ. ಬಂದವರಿಗೆ ನೀರು ಕೊಡು, ಮರ್ಯಾದೆಯಿಂದ ಮಾತಾಡಿಸು, ‘ದೇವರನ್ನು ಇದರೊಳಗೆ ತರಬೇಡಿ ಅಣ್ಣಾ, ಯೋಚನೆ ಮಾಡಿ ಹಾಕುತ್ತೇನೆ’ ಅನ್ನು. ನಿನ್ನ ಅವ್ವನಿಗೂ ದೊಡ್ಡಮ್ಮನಿಗೂ ಇದನ್ನು ಹೇಳಿಕೊಡು. ನಾನು ಹೇಳುವುದಕ್ಕಿಂತ ನೀನು ಹೇಳಿದರೆ ಅವರಿಗೆ ಧೈರ್ಯ.

ಇನ್ನೊಂದು ಬೆದರಿಕೆ ಇದೆ: ‘ಯಾರು ಯಾರಿಗೆ ಹಾಕಿದರು ಅಂತ ನಮಗೆ ಗೊತ್ತಾಗುತ್ತದೆ.’ ಇದರಲ್ಲಿ ನಿಜ ಎಷ್ಟು ಅಂದರೆ, ಎಣಿಕೆ ಆದ ಮೇಲೆ ಬೂತುವಾರು ಲೆಕ್ಕ ಹೊರಗೆ ಬರುತ್ತದೆ. ನಮ್ಮ ಊರಿನ ಬೂತಿನಲ್ಲಿ ಯಾವ ಪಕ್ಷಕ್ಕೆ ಎಷ್ಟು ಬಿತ್ತು ಅನ್ನುವುದು ತಿಳಿಯುತ್ತದೆ. ಅಷ್ಟೇ. ನೀನು ಯಾವ ಗುಂಡಿ ಒತ್ತಿದೆ ಅನ್ನುವುದು ಶಾಸಕರಿಗೂ ತಿಳಿಯುವುದಿಲ್ಲ, ಕಲೆಕ್ಟರಿಗೂ ತಿಳಿಯುವುದಿಲ್ಲ. ವಿವಿಪ್ಯಾಟ್ ಪೆಟ್ಟಿಗೆಯ ಗಾಜಿನಲ್ಲಿ ಏಳು ಸೆಕೆಂಡು ಕಾಣುವ ಚೀಟಿಯನ್ನು ನೋಡುವವಳು ನೀನೊಬ್ಬಳೇ.

ದುಡ್ಡಿನ ವಿಷಯ ಹೆಚ್ಚು ಹೇಳುವುದಿಲ್ಲ, ನಿನಗೇ ಗೊತ್ತು. ಕೊಡುವುದಷ್ಟೇ ಅಲ್ಲ, ತೆಗೆದುಕೊಳ್ಳುವುದೂ ಅಪರಾಧ. ವಿಧಾನಸಭೆ ಅಭ್ಯರ್ಥಿಯ ಖರ್ಚಿಗೆ ಇರುವ ಮಿತಿ 40 ಲಕ್ಷ ರೂಪಾಯಿ. ಒಂದು ಕ್ಷೇತ್ರದ ಮತದಾರರು ಎರಡು ಲಕ್ಷದ ಮೇಲೆ. ಮನೆ ಮನೆಗೆ ಕವರು ಹಂಚುವವರು ಆ ಮಿತಿಯೊಳಗೆ ಇದ್ದಾರೆಯೇ ಎಂದು ನೀನೇ ಲೆಕ್ಕ ಹಾಕು. ಬೆಂಗಳೂರಿನಿಂದ ಪುಕ್ಕಟೆ ಬಸ್ಸು ಮಾಡಿ ಕರೆಸುವವರ ಮಾತೂ ಅದೇ. ಮತದಾರರನ್ನು ಬೂತಿಗೆ ತರಲು ಬಾಡಿಗೆ ಗಾಡಿ ಮಾಡುವುದೂ ಅದೇ 123ನೇ ಕಲಮಿನಲ್ಲಿದೆ. ಶಕ್ತಿ ಯೋಜನೆ ಬಂದ ಮೇಲೆ ಸರ್ಕಾರಿ ಬಸ್ಸಿನಲ್ಲಿ ನಿನಗೆ ಚಾರ್ಜೂ ಇಲ್ಲ. ಆಧಾರ್ ತೋರಿಸಿ ಹತ್ತು, ಯಾರ ಋಣವೂ ಇಲ್ಲದೆ ಊರಿಗೆ ಬಾ.

ನಮ್ಮವನು ಅನ್ನುವ ಮಾತಿಗೆ ಬರುತ್ತೇನೆ. 2008ರ ಚುನಾವಣೆಯಿಂದ ಚಳ್ಳಕೆರೆ, ಮೊಳಕಾಲ್ಮುರು ಎರಡೂ ಪರಿಶಿಷ್ಟ ಪಂಗಡದ ಮೀಸಲು ಕ್ಷೇತ್ರಗಳು. ರಾಜ್ಯದ 224 ಕ್ಷೇತ್ರಗಳಲ್ಲಿ ಇಂಥವು 15. ನೂರಾರು ವರ್ಷ ಈ ನೆಲ ಕಾದ ಜನರ ದನಿ ವಿಧಾನಸೌಧದಲ್ಲಿ ಕೇಳಿಸಲಿ ಎಂದು ಆದ ವ್ಯವಸ್ಥೆ ಇದು, ಆಗಬೇಕಾದದ್ದೇ. ಆದರೆ ನಿಲ್ಲುವವರೆಲ್ಲ ಒಂದೇ ಸಮುದಾಯದವರಾದಾಗ ‘ನಮ್ಮವನು’ ಎನ್ನುವುದಷ್ಟೇ ಆರಿಸಲು ಸಾಲುವುದಿಲ್ಲ. ನಿಲ್ಲುವ ಅವಕಾಶವಿಲ್ಲದ ಉಳಿದ ಸಮುದಾಯಗಳಲ್ಲಿ ಏನಾಗಿದೆ ಅಂದರೆ, ಗುಡಿಯ ಮುಂದೆ ನಾಲ್ಕು ಹಿರಿಯರು ಕೂತು ‘ಈ ಸಲ ನಮ್ಮ ಹಟ್ಟಿ ಇವರ ಕಡೆ’ ಎಂದು ಮಾತು ಕೊಟ್ಟು ಎದ್ದುಬಿಡುತ್ತಾರೆ. ಆ ಕೂಟದಲ್ಲಿ ಹೆಣ್ಣುಮಕ್ಕಳು ಇರುವುದಿಲ್ಲ, ನಿನ್ನ ವಯಸ್ಸಿನ ಗಂಡುಹುಡುಗರೂ ಇರುವುದಿಲ್ಲ. ಹಿರಿಯರ ಮಾತು ಕೇಳು, ಅವರಿಗೆ ಊರಿನ ಹಿಂದುಮುಂದು ಗೊತ್ತು. ಆದರೆ ನಿನ್ನ ಓಟಿನ ಮಾತು ಕೊಡುವ ಅಧಿಕಾರ ಅವರಿಗಿಲ್ಲ. ನಾನೂ ಆ ವಯಸ್ಸಿನವನೇ ಆಗಿರುವುದರಿಂದ ಇದನ್ನು ಒತ್ತಿ ಹೇಳುತ್ತಿದ್ದೇನೆ.

ಪಕ್ಷ ನೋಡಿ ಹಾಕುತ್ತೇನೆ ಅಂದರೂ ತಪ್ಪಲ್ಲ, ಸರ್ಕಾರ ರಚಿಸುವುದು ಪಕ್ಷವೇ. ಆದರೆ ಮೊಳಕಾಲ್ಮುರಿನ ಕಥೆ ನೋಡು. 2013ರಲ್ಲಿ ಇಲ್ಲಿ ಗೆದ್ದದ್ದು ಬಿಎಸ್‌ಆರ್ ಕಾಂಗ್ರೆಸ್‌ನ ಎಸ್. ತಿಪ್ಪೇಸ್ವಾಮಿ. 2018ರಲ್ಲಿ ಬಿಜೆಪಿಯ ಬಿ. ಶ್ರೀರಾಮುಲು, ಅದೇ ಚುನಾವಣೆಯಲ್ಲಿ ಬಾದಾಮಿಯಲ್ಲೂ ನಿಂತು ಅಲ್ಲಿ ಸೋತರು. 2023ರಲ್ಲಿ ಕಾಂಗ್ರೆಸ್‌ನ ಎನ್.ವೈ. ಗೋಪಾಲಕೃಷ್ಣ, ಅದಕ್ಕೆ ಹಿಂದಿನ ಸಲ ಅವರು ಕೂಡ್ಲಿಗಿಯಿಂದ ಬಿಜೆಪಿ ಶಾಸಕರಾಗಿದ್ದವರು. 2023ರಲ್ಲಿ ಅವರ ಎದುರು ಬಿಜೆಪಿಯಿಂದ ನಿಂತವರು ಅದೇ ತಿಪ್ಪೇಸ್ವಾಮಿ. ಪಕ್ಕದ ಚಳ್ಳಕೆರೆಯಲ್ಲಿ 2013, 2018, 2023 ಮೂರೂ ಸಲ ಕಾಂಗ್ರೆಸ್‌ನ ಟಿ. ರಘುಮೂರ್ತಿ. ಇವರಲ್ಲಿ ಯಾರನ್ನೂ ಹೊಗಳಲು, ತೆಗಳಲು ಇದನ್ನು ಹೇಳುತ್ತಿಲ್ಲ. ಪ್ರತಿ ಸಲ ಬದಲಾಯಿಸಿದ ಮಾತ್ರಕ್ಕೆ ಜಾಣತನವಲ್ಲ, ಒಬ್ಬರನ್ನೇ ಹಿಡಿದ ಮಾತ್ರಕ್ಕೆ ನಿಷ್ಠೆಯೂ ಅಲ್ಲ. ಬಾವುಟದ ಬಣ್ಣ ನೋಡಿದ ಮೇಲೂ ಆ ಮನುಷ್ಯ ಏನು ಮಾಡಿದ ಅನ್ನುವ ಪ್ರಶ್ನೆ ಉಳಿದೇ ಇರುತ್ತದೆ. ಬಿತ್ತನೆ ಶೇಂಗಾ ಕೊಳ್ಳುವಾಗ ನಿಮ್ಮಪ್ಪ ಚೀಲದ ಮೇಲಿನ ಹೆಸರು ಓದಿ ಸುಮ್ಮನಾಗುವುದಿಲ್ಲ, ನಾಲ್ಕು ಕಾಯಿ ಬಿಡಿಸಿ ಒಳಗಿನ ಬೀಜ ನೋಡುತ್ತಾನೆ. ಅಷ್ಟು ಎಚ್ಚರ ಇಲ್ಲಿಯೂ ಇರಲಿ.

ಒಳಗಿನದು ನೋಡುವುದು ಅಂದರೆ ಏನು? ಶಾಸಕರ ಕೆಲಸ ಯಾವುದು ಅಂತ ಮೊದಲು ತಿಳಿಯಬೇಕು. ಮದುವೆಗೆ ಬರುವುದು, ಸಾವಿಗೆ ಬರುವುದು, ಗುಡಿಗೆ ಸಿಮೆಂಟು ಕೊಡಿಸುವುದು, ತಿಪ್ಪೇರುದ್ರಸ್ವಾಮಿ ತೇರಿನಲ್ಲಿ ಮುಕ್ತಿ ಬಾವುಟವನ್ನು ಹರಾಜಿನಲ್ಲಿ ಲಕ್ಷಗಟ್ಟಲೆ ಕೂಗಿ ಪಡೆಯುವುದು, ಇವೆಲ್ಲ ಅವರವರ ಪ್ರೀತಿ, ಅವರವರ ಭಕ್ತಿ. ನಾವು ಕಳಿಸುವುದು ಸದನದಲ್ಲಿ ಮಾತಾಡುವುದಕ್ಕೆ. ತಾಲ್ಲೂಕಿನ ಕೆಡಿಪಿ ಅನ್ನುವ ಪ್ರಗತಿ ಪರಿಶೀಲನಾ ಸಭೆಗೆ ಶಾಸಕರೇ ಅಧ್ಯಕ್ಷರು, ಅಲ್ಲಿ ಇಲಾಖೆಯವರನ್ನೆಲ್ಲ ಎದುರಿಗೆ ಕೂರಿಸಿ ಕೇಳಬಹುದು. ಬಗರ್‌ಹುಕುಂ ಸಮಿತಿಯೂ ಅವರ ಕೈಯಲ್ಲೇ. ಸರ್ಕಾರಿ ನೆಲದಲ್ಲಿ ಉಳುಮೆ ಮಾಡಿಕೊಂಡು ಬಂದ ನಾಲ್ಕು ಎಕರೆಗೆ ಹಕ್ಕುಪತ್ರ ಸಿಗುವುದೋ ಇಲ್ಲವೋ ಅಲ್ಲಿ ತೀರ್ಮಾನ ಆಗುತ್ತದೆ. ಸಭೆ ಎಷ್ಟು ಸಲ ಆಯಿತು, ಅರ್ಜಿ ಎಷ್ಟು ಬಾಕಿ ಉಳಿದವು ಎಂದು ಕೇಳು. ಸದನದಲ್ಲಿ ಕೇಳಿದ ಪ್ರಶ್ನೆ, ಮಂತ್ರಿ ಕೊಟ್ಟ ಉತ್ತರ ವಿಧಾನಸಭೆಯ ಜಾಲತಾಣದಲ್ಲಿ ಸಿಗುತ್ತವೆ. ದಿನವೂ ಮೊಬೈಲ್ ನೋಡುವ ನಿನಗೆ ಅದು ಹತ್ತು ನಿಮಿಷದ ಕೆಲಸ.

ನಮ್ಮ ಮೊದಲ ಪ್ರಶ್ನೆ ನೀರು. ರಾಜ್ಯದಲ್ಲೇ ಅತಿ ಕಡಿಮೆ ಮಳೆ ಬೀಳುವ ಸೀಮೆ ಇದು. ಭದ್ರಾ ಮೇಲ್ದಂಡೆ ಯೋಜನೆಯ ಮಾತು ಕೇಳುತ್ತಲೇ ನಿಮ್ಮಪ್ಪನ ತಲೆ ನರೆತಿದೆ. ತುಂಗೆಯಿಂದ ಭದ್ರೆಗೆ, ಭದ್ರೆಯಿಂದ ಅಜ್ಜಂಪುರದ ಸುರಂಗದ ಮೂಲಕ ಈ ಕಡೆಗೆ ನೀರೆತ್ತಿ, ನಾಲ್ಕು ಜಿಲ್ಲೆಗಳ 2,25,515 ಹೆಕ್ಟೇರಿಗೆ ಹನಿ ನೀರಾವರಿ ಕೊಟ್ಟು ಕೆರೆ ತುಂಬಿಸುವ ಯೋಜನೆ. 2023ರ ಕೇಂದ್ರ ಬಜೆಟ್ಟಿನಲ್ಲಿ 5,300 ಕೋಟಿ ರೂಪಾಯಿ ಕೊಡುತ್ತೇವೆ ಎಂದರು. ಆ ದುಡ್ಡಿನ ಮೇಲೆ ಕೇಂದ್ರದವರು ರಾಜ್ಯದವರನ್ನು, ರಾಜ್ಯದವರು ಕೇಂದ್ರದವರನ್ನು ದೂರುವುದನ್ನು ನೀನು ಓಟಿನ ಭಾಷಣದಲ್ಲಿ ಬೇಕಾದಷ್ಟು ಕೇಳುತ್ತೀಯ. ನೀನು ಆರಿಸುವುದು ರಾಜ್ಯದ ಶಾಸಕರನ್ನು. ಹಾಗಾಗಿ ರಾಜ್ಯದ ಕೈಯಲ್ಲಿರುವ ಕೆಲಸವನ್ನೇ ಹಿಡಿದು ಕೇಳು. ಕಾಲುವೆಗೆ ಭೂಮಿ ಬಿಡಿಸಿಕೊಂಡದ್ದು ಎಲ್ಲಿಗೆ ಬಂತು, ಪರಿಹಾರ ಮುಟ್ಟಿತೇ, ನಮ್ಮ ಹೋಬಳಿಯ ಯಾವ ಕೆರೆ ಪಟ್ಟಿಯಲ್ಲಿದೆ? 2022ರಲ್ಲಿ ವಾಣಿವಿಲಾಸ ಸಾಗರ 1933ರ ನಂತರ ಮೊದಲ ಸಲ ತುಂಬಿ ಕೋಡಿ ಬಿದ್ದಾಗ ಹಿರಿಯೂರಿಗೆ ಓಡಿಹೋಗಿ ನೋಡಿ ಕಣ್ಣೊರೆಸಿಕೊಂಡವರು ನಾವು. ನೀರಿನ ಹೆಸರಲ್ಲಿ ನಮ್ಮನ್ನು ಮರುಳು ಮಾಡುವುದು ಎಷ್ಟು ಸುಲಭ ಅನ್ನುವುದು ಅದರಿಂದಲೇ ತಿಳಿಯುತ್ತದೆ.

ಕಾವಲಿನ ವಿಷಯವೂ ಇದೆ. ದೊಡ್ಡಉಳ್ಳಾರ್ತಿ, ಕುದಾಪುರ, ವರವು ಕಡೆಯ ಅಮೃತಮಹಲ್ ಕಾವಲಿನಲ್ಲಿ ಸುಮಾರು 10,000 ಎಕರೆಯನ್ನು 2010ರ ಆಸುಪಾಸಿನಲ್ಲಿ ದೊಡ್ಡ ದೊಡ್ಡ ವಿಜ್ಞಾನ, ರಕ್ಷಣಾ ಸಂಸ್ಥೆಗಳಿಗೆ ಕೊಟ್ಟರು. 2023ರ ಏಪ್ರಿಲ್ 2ರಂದು ಇಸ್ರೊದವರು ಅಲ್ಲಿನ ಓಡುದಾರಿಯ ಮೇಲೆ ರೆಕ್ಕೆಯ ಗಗನನೌಕೆಯನ್ನು ತಾನೇ ತಾನಾಗಿ ಇಳಿಸಿದಾಗ ನನಗೂ ಹೆಮ್ಮೆಯಾಯಿತು. ಆದರೆ ಅದು ಕುರಿ ಮೇಯುತ್ತಿದ್ದ ನೆಲ, ಕಂಬಳಿ ನೇಯುವವರಿಗೆ ಉಣ್ಣೆ ಕೊಟ್ಟ ನೆಲ. ಜನ ಹಸಿರು ನ್ಯಾಯಮಂಡಳಿಯವರೆಗೆ ಹೋಗಬೇಕಾಯಿತು. ಅಂಥ ತೀರ್ಮಾನ ಆಗುವ ಮೊದಲು ಸದನದಲ್ಲಿ ಎದ್ದು ‘ಆ ಕುರಿಗಳು ಎಲ್ಲಿಗೆ ಹೋಗಬೇಕು’ ಎಂದು ಕೇಳುವವರು ನಮಗೆ ಬೇಕು. ಮುಂದೆಯೂ ಭೂಮಿ ಕೇಳಿಕೊಂಡು ಬರುವವರು ಇದ್ದೇ ಇರುತ್ತಾರೆ.

ಆಗದ ಮಾತನ್ನೂ ಗುರುತಿಸು. ಮೊಳಕಾಲ್ಮುರಿಗೆ ಸಂವಿಧಾನದ 371 ಜೆ ವಿಧಿಯ ವಿಶೇಷ ಸೌಲಭ್ಯ ಕೊಡಿಸುತ್ತೇವೆ ಅನ್ನುವ ಭರವಸೆ ಆಗಾಗ ಕೇಳಿಬರುತ್ತದೆ. ಪಕ್ಕದ ಬಳ್ಳಾರಿಗೆ ಇದೆ, ನಮಗಿಲ್ಲ ಅನ್ನುವ ನೋವು ನ್ಯಾಯವಾದದ್ದೇ. ಆದರೆ ಅದು ಸಂವಿಧಾನದ ಮಾತು, ಶಾಸಕರೊಬ್ಬರ ಕೈಯಲ್ಲಿ ಆಗುವುದಲ್ಲ. ಯಾರಾದರೂ ಮಾತು ಕೊಟ್ಟರೆ ಯಾವ ದಾರಿಯಲ್ಲಿ ತರುತ್ತೀರಿ ಎಂದು ಕೇಳು. ಉತ್ತರ ಇದ್ದವರು ದಾರಿ ಹೇಳುತ್ತಾರೆ.

ನಾಮಪತ್ರದ ಜೊತೆ ಅಭ್ಯರ್ಥಿ ಕೊಡುವ ಪ್ರಮಾಣಪತ್ರದಲ್ಲಿ ಆಸ್ತಿ, ಸಾಲ, ಕೇಸು ಎಲ್ಲ ಇರುತ್ತದೆ, ಚುನಾವಣಾ ಆಯೋಗದ ಆ್ಯಪಿನಲ್ಲೇ ಓದಬಹುದು. ನಿನ್ನ ಅವ್ವನ ಖಾತೆಗೆ ಬರುವ ಗೃಹಲಕ್ಷ್ಮಿ ಎರಡು ಸಾವಿರವನ್ನೂ ಲೆಕ್ಕಕ್ಕೆ ತೆಗೆದುಕೊ, ಅದರಲ್ಲಿ ನಾಚಿಕೆಯೇನಿಲ್ಲ. ಸರ್ಕಾರದ ಯೋಜನೆ ನಮ್ಮದೇ ತೆರಿಗೆ ದುಡ್ಡು, ಕತ್ತಲಲ್ಲಿ ಬರುವ ಕವರಿನಂತಲ್ಲ. ಅದು ಸರಿಯಾಗಿ ಮುಟ್ಟುತ್ತಿದೆಯೇ, ಅದಕ್ಕಾಗಿ ಇನ್ನಾವ ಕೆಲಸ ನಿಂತಿದೆಯೇ ಎಂದು ಎರಡೂ ಕಡೆ ತೂಗಿ ನೋಡು. ಯಾರೂ ಸರಿಯಿಲ್ಲ ಅನ್ನಿಸಿದರೆ ನೋಟಾ ಇದೆ. ನನ್ನನ್ನು ಕೇಳಿದರೆ, ಅದು ಕೊನೆಯ ದಾರಿ. ಒಂದು ಓಟಿನಿಂದ ಏನಾಗುತ್ತದೆ ಅನ್ನುವವರಿಗೆ 2004ರ ಸಂತೇಮರಹಳ್ಳಿ ಹೇಳು, ಅಲ್ಲಿ ಎ.ಆರ್. ಕೃಷ್ಣಮೂರ್ತಿಯವರು ಆರ್. ಧ್ರುವನಾರಾಯಣ ಎದುರು ಸೋತದ್ದು ಒಂದೇ ಓಟಿನಲ್ಲಿ. 2023ರಲ್ಲಿ ನಿನ್ನ ಬೆಂಗಳೂರಿನ ಜಯನಗರ ತೀರ್ಮಾನವಾದದ್ದು 16 ಓಟಿನಲ್ಲಿ.

ನಿಮ್ಮಪ್ಪನ ಓಟು ಒಂದು ಕಡೆ, ನಿನ್ನದು ಇನ್ನೊಂದು ಕಡೆ ಆಗಬಹುದು. ಆಗಲಿ. ಅದಕ್ಕೆ ಮಾತು ಬಿಡುವುದು ಬೇಡ. ನನ್ನ ಓಟು ಯಾರಿಗೆ ಅಂತ ಮಾತ್ರ ಕೇಳಬೇಡ. ನಾನು ಹೇಳಿದರೆ ನನ್ನ ಮೇಲಿನ ಪ್ರೀತಿಗೆ ನೀನೂ ಅಲ್ಲಿಗೇ ಹಾಕುತ್ತೀಯ, ಅದೂ ಒಂದು ಥರದ ಆಣೆಯೇ ಆದೀತು. ಈಗ ಮಾಡಬೇಕಾದ ಕೆಲಸ ಒಂದಿದೆ: ಪಟ್ಟಿಯಲ್ಲಿ ನಿನ್ನ ಹೆಸರಿದೆಯೇ ನೋಡು, ಇಲ್ಲದಿದ್ದರೆ ನಮೂನೆ 6 ತುಂಬು. ಎರಡು ಕಡೆ ಹೆಸರಿಡುವಂತಿಲ್ಲ. ಬೆಂಗಳೂರಲ್ಲೇ ನೆಲೆ ನಿಲ್ಲುವುದಾದರೆ ನಮೂನೆ 8 ಕೊಟ್ಟು ಅಲ್ಲಿಗೆ ಮಾಡಿಸಿಕೊ. ಗೊತ್ತಾಗದಿದ್ದರೆ ಮತದಾರರ ಸಹಾಯವಾಣಿ 1950ಕ್ಕೆ ಫೋನ್ ಮಾಡು, ಕನ್ನಡದಲ್ಲೇ ಹೇಳುತ್ತಾರೆ.