ಲಾರಿಯ ಡಿಫರೆನ್ಷಿಯಲ್: ಹಲ್ಲಿನ ಸವೆತವನ್ನು ಅರಿಯುವ ಬಗೆ

ಕಾಫಿ ಮತ್ತು ಅಡಿಕೆಯ ಕೊಯ್ಲು ಆರಂಭವಾಯಿತೆಂದರೆ ಲಾರಿಗಳಿಗೆ ಬಿಡುವಿರುವುದಿಲ್ಲ. ತೋಟದ ಕಚ್ಚಾ ರಸ್ತೆ, ಕ್ಯೂರಿಂಗ್ ವರ್ಕ್ಸ್, ಮಂಡಿ, ಶಿರಾಡಿ ಘಾಟಿಯಿಳಿದು ಮಂಗಳೂರು ಬಂದರು, ಹೀಗೆ ಓಡಾಟ ನಡೆದೇ ಇರುತ್ತದೆ. ಆದ್ದರಿಂದ ಕೊಯ್ಲಿಗೆ ಮುನ್ನ, ಮಳೆಗಾಲ ಮುಗಿದ ಕೂಡಲೇ, ಹಿಂದಿನ ಆಕ್ಸಲಿನ ಡಿಫರೆನ್ಷಿಯಲನ್ನು ಒಮ್ಮೆ ಪರೀಕ್ಷಿಸಿಕೊಳ್ಳುವುದು ಜಾಣತನ.

ಇದು ಕೇವಲ ದುರಸ್ತಿಯ ಖರ್ಚಿನ ಮಾತಲ್ಲ. ತುಂಬಿದ ಲಾರಿ ಘಾಟಿ ಇಳಿಯುವಾಗ ಕೆಳ ಗೇರಿನಲ್ಲಿ ಎಂಜಿನ್ನೇ ಅದನ್ನು ತಡೆದು ಹಿಡಿಯುತ್ತದೆ. ಆ ತಡೆ ಚಕ್ರಗಳಿಗೆ ತಲುಪುವುದು ಕ್ರೌನ್ ಮತ್ತು ಪಿನಿಯನ್ ಹಲ್ಲುಗಳ ಮೂಲಕ. ಹಲ್ಲು ಮುರಿದರೆ ಆ ಹಿಡಿತ ತಪ್ಪಿ ಪೂರ್ತಿ ಭಾರ ಬ್ರೇಕಿನ ಮೇಲೆ ಬೀಳುತ್ತದೆ. ಬ್ರೇಕು ಕಾದರೆ ಮುಂದೇನಾಗುವುದೆಂದು ಹೇಳಬೇಕಾಗಿಲ್ಲ.

ಹಾಗೆಂದು ಪ್ರೊಪೆಲ್ಲರ್ ಶಾಫ್ಟನ್ನು ಕೈಯಿಂದ ಅಲ್ಲಾಡಿಸಿ, 'ಪ್ಲೇ ಬಹಳವಿದೆ, ಕ್ರೌನ್ ಪಿನಿಯನ್ ಹೋಯಿತು' ಎಂದು ತೀರ್ಮಾನಿಸುವುದೂ ಸರಿಯಲ್ಲ. ಅಲ್ಲಿ ಕಾಣುವ ಸಡಿಲ ಹಲವು ಸಡಿಲಗಳ ಒಟ್ಟು ಮೊತ್ತ. ಯಾವುದು ಎಷ್ಟೆಂದು ಬಿಡಿಸಿ ನೋಡಬೇಕು.

ಸಡಿಲ ಹೇಗೆ ದೊಡ್ಡದಾಗಿ ಕಾಣುತ್ತದೆ?

ಒಂದು ಲೆಕ್ಕ ನೋಡೋಣ. ಕ್ರೌನ್ ವೀಲಿನ ವ್ಯಾಸ 400 ಮಿ.ಮೀ., ಪಿನಿಯನ್ 6 ಸುತ್ತಿದರೆ ಕ್ರೌನ್ 1 ಸುತ್ತು, ಪಿನಿಯನ್ ಫ್ಲಾಂಜಿನ ವ್ಯಾಸ 150 ಮಿ.ಮೀ. ಎಂದಿಟ್ಟುಕೊಳ್ಳಿ. ಕ್ರೌನ್ ಮತ್ತು ಪಿನಿಯನ್ ಹಲ್ಲುಗಳ ನಡುವೆ 0.3 ಮಿ.ಮೀ. ಸಂದು ಇದ್ದರೆ ಫ್ಲಾಂಜಿನ ಅಂಚಿನಲ್ಲಿ ಅದು ಸುಮಾರು 0.7 ಮಿ.ಮೀ. ಆಗಿ ಕಾಣುತ್ತದೆ. ಅಷ್ಟೇ 0.3 ಮಿ.ಮೀ. ಸವೆತ 50 ಮಿ.ಮೀ. ವ್ಯಾಸದ ಆಕ್ಸಲ್ ಶಾಫ್ಟುಗಳ ಸ್ಪ್ಲೈನಿನಲ್ಲಿ ಎರಡೂ ಬದಿಗೆ ಇದ್ದರೆ, ಅದೇ ಫ್ಲಾಂಜಿನಲ್ಲಿ ಸುಮಾರು 5.4 ಮಿ.ಮೀ. ಆಗುತ್ತದೆ. ಕಾರಣ ಸುಲಭ. ಸಣ್ಣ ಸುತ್ತಳತೆಯಲ್ಲಿ ಆದ ಸವೆತ ಹೆಚ್ಚು ಕೋನ ತಿರುಗಲು ಬಿಡುತ್ತದೆ, ಆ ಕೋನ ಪಿನಿಯನಿಗೆ ಬರುವಾಗ ಆರು ಪಟ್ಟಾಗುತ್ತದೆ.

ಆದ್ದರಿಂದ ಫ್ಲಾಂಜಿನಲ್ಲಿ ಸಡಿಲ ಹೆಚ್ಚೆಂದು ಕಂಡಾಗ ಮೊದಲು ಸಂಶಯಿಸಬೇಕಾದುದು ಸ್ಪ್ಲೈನು, ಡಿಫರೆನ್ಷಿಯಲ್ ಒಳಗಿನ ಸಣ್ಣ ಗೇರುಗಳು ಮತ್ತು ಅವುಗಳ ಥ್ರಸ್ಟ್ ವಾಷರುಗಳನ್ನು. ದುಬಾರಿಯಾದ ಕ್ರೌನ್ ಪಿನಿಯನ್ ಅನಂತರದ ಮಾತು.

ಶೆಡ್ಡಿನಲ್ಲೇ ಮಾಡಬಹುದಾದ ಪರೀಕ್ಷೆ

ಲಾರಿ ಖಾಲಿಯಿರಲಿ, ನೆಲ ಮಟ್ಟವಾಗಿರಲಿ. ಎಂಜಿನ್ ನಿಲ್ಲಿಸಿ ಕೀ ತೆಗೆದಿಟ್ಟು, ಎಲ್ಲ ಚಕ್ರಗಳಿಗೂ ಹಿಂದೆ ಮುಂದೆ ಮರದ ತುಂಡು ಕೊಡಬೇಕು. ಹಿಂದಿನ ಚಕ್ರಗಳನ್ನು ಹಿಡಿಯುವ ಹ್ಯಾಂಡ್ ಬ್ರೇಕ್ ಹಾಕಿ ಗೇರನ್ನು ನ್ಯೂಟ್ರಲಿನಲ್ಲಿಡಬೇಕು.

1. ಪ್ರೊಪೆಲ್ಲರ್ ಶಾಫ್ಟನ್ನು ಅತ್ತಿತ್ತ ತಿರುಗಿಸಿ. ಶಾಫ್ಟ್ ಅಲ್ಲಾಡಿದರೂ ಪಿನಿಯನ್ ಫ್ಲಾಂಜ್ ನಿಂತೇ ಇದ್ದರೆ ದೋಷ ಯೂನಿವರ್ಸಲ್ ಜಾಯಿಂಟಿನ ಕ್ರಾಸಿನದು.

2. ಫ್ಲಾಂಜನ್ನು ಸಣ್ಣ ಸಲಾಕೆಯಿಂದ ಮೇಲೆ ಕೆಳಗೆ, ಹಿಂದೆ ಮುಂದೆ ಮೀಟಿ ನೋಡಿ. ಕೈಗೆ ಸಡಿಲ ತಿಳಿಯಬಾರದು. ತಿಳಿದರೆ ಪಿನಿಯನ್ ಬೇರಿಂಗ್ ಸಡಿಲವಾಗಿದೆ. ಅಂಥ ಲಾರಿಗೆ ಲೋಡು ಹಾಕಕೂಡದು. ಪಿನಿಯನ್ ಜಾಗ ಬಿಟ್ಟು ಸರಿದರೆ ಒಳ್ಳೆಯ ಹಲ್ಲೂ ಹಾಳಾಗುತ್ತದೆ.

3. ಫ್ಲಾಂಜಿನ ಅಂಚಿಗೂ ಹೌಸಿಂಗಿಗೂ ಸೀಮೆಸುಣ್ಣದ ಗುರುತು ಹಾಕಿ. ಒಂದು ಕಡೆಗೆ ತಡೆಯುವವರೆಗೆ ತಿರುಗಿಸಿ, ಮತ್ತೆ ಇನ್ನೊಂದು ಕಡೆಗೆ ತಿರುಗಿಸಿ, ಗುರುತು ಎಷ್ಟು ಸರಿಯಿತೆಂದು ಅಳೆದು ಪುಸ್ತಕದಲ್ಲಿ ಬರೆದಿಡಿ. ಒಂದೇ ಅಳತೆಯಿಂದ ಹೆಚ್ಚು ತಿಳಿಯದು. ಮುಂದಿನ ವರ್ಷದ ಅಳತೆಯ ಪಕ್ಕದಲ್ಲಿಟ್ಟಾಗಲೇ ಸವೆತದ ವೇಗ ಗೊತ್ತಾಗುವುದು.

4. ಆಕ್ಸಲ್ ಶಾಫ್ಟುಗಳನ್ನು ಹಬ್ಬಿನಿಂದ ಹೊರಗೆಳೆದು ಸ್ಪ್ಲೈನ್ ನೋಡಿ. ಹೆಚ್ಚಿನ ಲಾರಿಗಳಲ್ಲಿ ಇದಕ್ಕೆ ಚಕ್ರ ಕಳಚಬೇಕಿಲ್ಲ. ಆದರೆ ಶಾಫ್ಟ್ ತೆಗೆದ ಮೇಲೆ ಗೇರು ಚಕ್ರವನ್ನು ಹಿಡಿಯುವುದಿಲ್ಲವಾದ್ದರಿಂದ ಮರದ ತುಂಡುಗಳು ಭದ್ರವಾಗಿರಲಿ. ಹಲ್ಲಿನಲ್ಲಿ ಮೆಟ್ಟಿಲು ಬಿದ್ದಿದ್ದರೆ ಅಥವಾ ತಿರುಚಿದ್ದರೆ ಶಾಫ್ಟ್ ಬದಲಾಯಿಸಬೇಕು.

ಎಣ್ಣೆ ಏನು ಹೇಳುತ್ತದೆ?

ಡ್ರೈನ್ ಪ್ಲಗ್ಗಿನ ಅಯಸ್ಕಾಂತವನ್ನು ನೋಡಿರಿ. ನುಣ್ಣನೆಯ ಬೂದು ಬಣ್ಣದ ಲೇಪ ಸಹಜ ಸವೆತ. ಚಕ್ಕೆಗಳು, ಚೂಪು ಅಂಚಿನ ತುಂಡುಗಳು ಸಿಕ್ಕರೆ ಹಲ್ಲೋ ಬೇರಿಂಗೋ ಒಡೆಯುತ್ತಿದೆ. ಬಿಚ್ಚದೆ ವಿಧಿಯಿಲ್ಲ. ಎಣ್ಣೆ ಹಾಲಿನಂತಾಗಿದ್ದರೆ ನೀರು ಸೇರಿದೆ. ಹಳ್ಳ ದಾಟುವ ಲಾರಿಗಳಲ್ಲಿ, ಬ್ರೀದರ್ ಮಣ್ಣು ಕಟ್ಟಿದವುಗಳಲ್ಲಿ ಹೀಗಾಗುವುದುಂಟು. ಹೈಪಾಯ್ಡ್ ಗೇರಿಗೆ ತಯಾರಕರು ಹೇಳಿದ ದರ್ಜೆಯ ಎಣ್ಣೆಯನ್ನೇ, ಸಾಮಾನ್ಯವಾಗಿ ಜಿ.ಎಲ್.-5 ದರ್ಜೆಯದನ್ನು, ಫಿಲ್ಲರ್ ತೂತಿನ ಕೆಳ ಅಂಚಿನವರೆಗೆ ಹಾಕಬೇಕು.

ಶಬ್ದವನ್ನು ಆಲಿಸಿರಿ

ಆಕ್ಸಿಲರೇಟರ್ ಒತ್ತಿದಾಗ ಮಾತ್ರ, ಅಥವಾ ಕಾಲು ತೆಗೆದಾಗ ಮಾತ್ರ ಊಳಿಡುವ ಸದ್ದು ಬಂದರೆ ಕ್ರೌನ್ ಪಿನಿಯನ್ ಹಲ್ಲಿನ ಕೂಡುವಿಕೆ ಅಥವಾ ಪಿನಿಯನ್ ಬೇರಿಂಗನ್ನು ಶಂಕಿಸಬೇಕು. ತಿರುವಿನಲ್ಲಿ ಮಾತ್ರ ಬರುವ ಸದ್ದು ಒಳಗಿನ ಸಣ್ಣ ಗೇರುಗಳದು ಅಥವಾ ಹಬ್ ಬೇರಿಂಗಿನದು. ಒತ್ತಿದರೂ ಬಿಟ್ಟರೂ ಒಂದೇ ತೆರನಾದ ಗುಡುಗುಡು ಬೇರಿಂಗಿನ ಲಕ್ಷಣ. ರಸ್ತೆ ಬದಲಾದಂತೆ ಬದಲಾಗುವ ಸದ್ದು ಟೈರಿನದು. ಹೊರಡುವಾಗ ಒಮ್ಮೆ 'ಟಕ್' ಎಂದರೆ ಒಟ್ಟು ಸಡಿಲ ಹೆಚ್ಚಿದೆ ಎಂದಷ್ಟೇ ಅರ್ಥ. ಸ್ಪ್ರಿಂಗಿನ ಯು ಬೋಲ್ಟ್ ಸಡಿಲವಿದ್ದರೂ ಅದೇ ಸದ್ದು ಬರುತ್ತದೆ.

ಬಿಚ್ಚಿದ ಮೇಲೆ

ಕ್ರೌನ್ ಹಲ್ಲಿನ ಸಂದನ್ನು ಡಯಲ್ ಗೇಜಿನಿಂದ, ಪಿನಿಯನನ್ನು ಅಲುಗದಂತೆ ಹಿಡಿದು, ಸುತ್ತಲೂ ಮೂರು ನಾಲ್ಕು ಕಡೆ ಅಳೆಯಬೇಕು. ಅನೇಕ ಲಾರಿಗಳಲ್ಲಿ ಹೊಸ ಜೋಡಿಗೆ ಇದು 0.20 ರಿಂದ 0.45 ಮಿ.ಮೀ. ಒಳಗಿರುತ್ತದೆ. ನಿಮ್ಮ ಲಾರಿಯ ಕೈಪಿಡಿ ಹೇಳಿದ್ದೇ ಕೊನೆಯ ಮಾತು. ಅಳತೆ ಒಂದು ಕಡೆ ಹೆಚ್ಚು, ಒಂದು ಕಡೆ ಕಡಿಮೆ ಬಂದರೆ ಕ್ರೌನ್ ಓಲಾಡುತ್ತಿದೆ ಎಂದು ತಿಳಿಯಬೇಕು.

ಇಲ್ಲಿ ಮೂರು ಮಾತುಗಳನ್ನು ಮರೆಯಕೂಡದು.

ಮೊದಲನೆಯದು: ಹಳೆಯ ಹಲ್ಲುಗಳನ್ನೇ ಮತ್ತೆ ಹಾಕುವುದಾದರೆ, ಬಿಚ್ಚುವ ಮೊದಲು ಇದ್ದ ಸಂದನ್ನು ಬರೆದಿಟ್ಟು ಅದಕ್ಕೇ ಹೊಂದಿಸಬೇಕು. ಹೊಸದರ ಅಳತೆಗೆ ಬಿಗಿಮಾಡಿದರೆ, ಉಜ್ಜಿ ಪಳಗಿದ ಮುಖಗಳು ಜಾಗ ಬದಲಿಸಿ ಸದ್ದು ಹೆಚ್ಚುತ್ತದೆ, ಹಲ್ಲು ಬೇಗ ಹಾಳಾಗುತ್ತದೆ.

ಎರಡನೆಯದು: ಕ್ರೌನ್ ಮತ್ತು ಪಿನಿಯನ್ ಒಂದಕ್ಕೊಂದು ಹೊಂದಿಸಿದ ಜೋಡಿ. ಎರಡರ ಮೇಲೂ ಒಂದೇ ಜೋಡಿ ಸಂಖ್ಯೆ ಇದೆಯೇ ಎಂದು ನೋಡಿಯೇ ಕೊಳ್ಳಬೇಕು. ಒಂದನ್ನು ಹೊಸದು ಹಾಕಿ ಇನ್ನೊಂದನ್ನು ಹಳೆಯದು ಉಳಿಸುವುದು ಉಳಿತಾಯವಲ್ಲ.

ಮೂರನೆಯದು: ಹೊಸ ಜೋಡಿ ಕೂಡಿಸಿದ ಮೇಲೆ ಹಲ್ಲಿಗೆ ನೀಲಿ ಬಣ್ಣ ಬಳಿದು ತಿರುಗಿಸಿ, ಗುರುತು ಹಲ್ಲಿನ ತುದಿ ಅಂಚಿಗೂ ಬುಡಕ್ಕೂ ತಾಗದೆ ಎತ್ತರದ ನಡುವೆ ಬಿದ್ದಿದೆಯೇ ಎಂದು ತೋರಿಸುವಂತೆ ಮೆಕ್ಯಾನಿಕ್ಕನನ್ನು ಕೇಳಿರಿ. ಸಂದು ಸರಿಯಿದ್ದರೂ ಗುರುತು ತಪ್ಪಿದ್ದರೆ ಕೆಲಸ ಮುಗಿದಿಲ್ಲ.

ಚಕ್ಕೆ ಕಂಡರೆ, ಪಿನಿಯನ್ ಅಲ್ಲಾಡಿದರೆ, ಹಲ್ಲು ಮುಕ್ಕಾಗಿದ್ದರೆ ಲಾರಿಯನ್ನು ಅಂದೇ ನಿಲ್ಲಿಸಿ. ಬರೀ ಸಡಿಲವಷ್ಟೇ ಇದ್ದು, ಎಣ್ಣೆ ಸ್ವಚ್ಛವಾಗಿ, ಸದ್ದಿಲ್ಲದೆ, ವರ್ಷದಿಂದ ವರ್ಷಕ್ಕೆ ಅಳತೆ ಹೆಚ್ಚದೆ ಇದ್ದರೆ ಇನ್ನೊಂದು ಕೊಯ್ಲಿಗೆ ಧೈರ್ಯವಾಗಿ ಓಡಿಸಬಹುದು. ಈ ಎರಡರ ಅಂತರವನ್ನು ತಿಳಿಯಲು ಬೇಕಾದುದು ಒಂದು ಸೀಮೆಸುಣ್ಣ, ಒಂದು ಅಳತೆಪಟ್ಟಿ ಮತ್ತು ತಪ್ಪದೆ ಬರೆದಿಡುವ ಒಂದು ಪುಸ್ತಕ.